ಎಲ್ಲರದೂ ಆಗಲಿ ಎನ್ನುವ ಅತ್ತಿಗೆ

ಆ ವಾರ್ಡಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನರ್ಸು, ನೆಲ ಒರೆಸುವವಳು, ದೊಡ್ಡ ಡಾಕ್ಟರು, ಯಾರೂ ಬಿಟ್ಟಿರಲಿಲ್ಲ. ಅದಕ್ಕೆ ಕಾರಣ ಪಕ್ಕದ ಮಂಚದ ನಾದಿನಿ. ಬೆಳಗಾದರೆ "ಅತ್ತಿಗೆ, ಊಟ ಮಾಡಿ", "ಅತ್ತಿಗೆ, ಮುಚ್ಚಳ ತೆಗೀರಿ", "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದು ಚಮಚ" ಎಂದು ಅವಳು ಶುರು ಹಚ್ಚಿಕೊಂಡರೆ ಬೇರೆ ಹೆಸರು ಯಾರ ಬಾಯಿಗೆ ತಾನೇ ಬಂದೀತು? ನಾದಿನಿ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತು ಗಂಟಲು ಪಳಗಿಸಿಕೊಂಡವಳು. ವೈರಸ್ಸು ಅವಳ ಮೈಯ ಶಕ್ತಿಯನ್ನೆಲ್ಲ ಹಿಂಡಿ ಹಾಕಿದ್ದರೂ ಆ ಗಂಟಲನ್ನು ಮಾತ್ರ ಮುಟ್ಟಿರಲಿಲ್ಲ.

ಇಬ್ಬರಿಗೂ ಒಂದೇ ಸೋಂಕು, ಇಬ್ಬರೂ ಬಂದದ್ದು ಒಂದೇ ಆಂಬುಲೆನ್ಸಿನಲ್ಲಿ. ನಾದಿನಿಯ ಜ್ವರ ಬೇಗ ಇಳಿಯಿತು. ಹಳೆಯ ಸಕ್ಕರೆ ಕಾಯಿಲೆ ಇದ್ದದ್ದರಿಂದ ಇನ್ನೂ ಮನೆಗೆ ಬಿಟ್ಟಿರಲಿಲ್ಲ. ಅತ್ತಿಗೆಗೆ ಸೋಂಕು ಶ್ವಾಸಕೋಶಕ್ಕೇ ಇಳಿದಿತ್ತು. ಹಗಲೂ ರಾತ್ರಿ ಮುಖದ ಮೇಲೆ ಆಮ್ಲಜನಕದ ಮಾಸ್ಕು. ಊಟದ ಹೊತ್ತಿಗೆ ಮಾತ್ರ ನರ್ಸು ಅದನ್ನು ತೆಗೆದು, ಮೂಗಿಗೆ ಸಣ್ಣ ಕೊಳವೆ ಸಿಕ್ಕಿಸಿ, ಮಂಚದ ತಲೆಭಾಗ ಎತ್ತಿ ಕೂರಿಸಿ ಹೋಗುತ್ತಿದ್ದಳು. ಮುಂದೆ ಮುಚ್ಚಳ ಹಾಕಿದ ತಟ್ಟೆ. ಗಂಜಿ, ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು. ಅತ್ತಿಗೆ ಆ ಮುಚ್ಚಳವನ್ನು ನೋಡುತ್ತಾ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಟ್ಟೆ ಒಯ್ಯುವವನು ಗಾಡಿ ತಳ್ಳಿಕೊಂಡು ಬರುತ್ತಿದ್ದ. ಸೋಂಕಿನ ವಾರ್ಡು, ಎಂಜಲಾಗಲಿ ಬಿಡಲಿ ಯಾವ ತಟ್ಟೆಯೂ ಅಲ್ಲಿ ಉಳಿಯುವಂತಿರಲಿಲ್ಲ. "ಆಯ್ತಾ ಅತ್ತಿಗೆ?" ಎಂದು ಅವನು ಕೇಳಿದರೆ "ಆಯ್ತಪ್ಪ" ಎನ್ನುತ್ತಿದ್ದಳು. ತಟ್ಟೆ ಬಂದ ಹಾಗೇ ಹೋಗುತ್ತಿತ್ತು.

ನಾಲಿಗೆ ಕೆಟ್ಟಿದೆ, ಅದಕ್ಕೇ ತಿನ್ನುತ್ತಿಲ್ಲ ಎಂದು ನಾದಿನಿ ಮೊದಮೊದಲು ತಿಳಿದಿದ್ದಳು. ಅಲ್ಲಿದ್ದವರಿಗೆಲ್ಲ ನಾಲಿಗೆ ಕೆಟ್ಟಿತ್ತು. ಏನು ತಿಂದರೂ ನೆನೆದ ಕಾಗದ ತಿಂದ ಹಾಗೆ. ಆದರೆ ಒಂದು ಮಧ್ಯಾಹ್ನ ಅವಳು ಅತ್ತಿಗೆಯ ಕಣ್ಣನ್ನೇ ಗಮನಿಸಿದಳು. ಆ ಕಣ್ಣು ತಟ್ಟೆಯಿಂದೆದ್ದು ಮೂಲೆಯ ಟೀಚರ ಮಂಚಕ್ಕೆ, ಅಲ್ಲಿಂದ ಹೊಲಿಗೆಯಾಕೆಯ ಮಂಚಕ್ಕೆ, ಅಲ್ಲಿಂದ ಬಾಗಿಲ ಕಡೆಯ ಮಂಚಗಳಿಗೆ ಹೋಗಿ, ಒಂದು ಸುತ್ತು ಹಾಕಿ ವಾಪಸು ಬರುತ್ತಿತ್ತು. ನಾದಿನಿಗೆ ಥಟ್ಟನೆ ಹೊಳೆಯಿತು. ಹೊಳೆದದ್ದೇ ತಡ, ಮೈಯೆಲ್ಲ ಉರಿದುಹೋಯಿತು.

"ಅತ್ತಿಗೆ, ಇದು ನಿಮ್ಮ ಹಾಸ್ಟೆಲ್ ಅಲ್ಲ."

"ಎಲ್ಲರದೂ ಆಗಲಿ ಬಿಡು," ಎಂದಳು ಅತ್ತಿಗೆ ಉಸಿರು ಕೂಡಿಸಿಕೊಂಡು. "ಆಮೇಲೆ ತಿಂತೀನಿ."

ಈ ಮಾತನ್ನು ಕೇಳಿ ಕೇಳಿ ನಾದಿನಿಯ ಕಿವಿ ತೂತು ಬಿದ್ದಿತ್ತು. ಅತ್ತಿಗೆ ಕಾಲೇಜು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೂದಲು ಬೆಳ್ಳಗಾಗುವ ತನಕ ಸೌಟು ಹಿಡಿದವಳು. ಅಡುಗೆ ಮಾಡಿದವಳು ಕೊನೆಗೆ ಉಣ್ಣಬೇಕು, ಕಡಿಮೆ ಬಿದ್ದರೆ ಅವಳಿಗೇ ಬೀಳಬೇಕು ಎನ್ನುವುದು ಅಲ್ಲಿನ ಕಟ್ಟು. ಕೊನೆಯ ಹುಡುಗಿ ಕೈ ತೊಳೆದ ಮೇಲೆ ಪಾತ್ರೆಯ ತಳ ಕೆರೆದು ಉಂಡು ಬರುತ್ತಿದ್ದಳು. ಅಲ್ಲಿಗೇ ಮುಗಿದಿದ್ದರೆ ಸರಿ. ಮನೆಯಲ್ಲೂ ಅದೇ ರಾಗ. ಗಂಡನದಾಗಲಿ, ಮಕ್ಕಳದಾಗಲಿ, ನಾದಿನಿಯದಾಗಲಿ. ಸ್ವಂತ ಮಗನ ಮದುವೆಯಲ್ಲಿ ಬೀಗರೆಲ್ಲ ಹುಡುಕಾಡುತ್ತಿದ್ದರೆ ಈ ಮಹಾತಾಯಿ ಅಡುಗೆಯವರ ಜೊತೆ ನಿಂತು ಖಾಲಿ ಹಂಡೆಯೊಳಗೆ ಇಣುಕುತ್ತಿದ್ದಳು. ಗಂಡನ ಮನೆಯಿಂದ ಬೇಗನೆ ವಾಪಸು ಬಂದು ಅಣ್ಣನ ಮನೆಯಲ್ಲೇ ಉಳಿದ ನಾದಿನಿಗೆ ಈ ಒಳ್ಳೆಯತನ ಒಮ್ಮೊಮ್ಮೆ ತಲೆ ಚಿಟ್ಟು ಹಿಡಿಸುತ್ತಿತ್ತು. ಬೈಯುವ ಹಾಗಿಲ್ಲ, ಹೊಗಳೋಣವೆಂದರೆ ಕೋಪ ಬರುತ್ತದೆ. ಎದುರಿಗೊಬ್ಬಳು ಹಸಿದುಕೊಂಡು ನಗುತ್ತಾ ನಿಂತಿದ್ದರೆ ಉಣ್ಣುವವರ ಗತಿಯೇನು?

ಮರುದಿನ ವಾರ್ಡಿನವರು ಊಟದ ಡಾಕ್ಟರು ಎಂದು ಕರೆಯುವ ಹುಡುಗಿ ಬಂದು ಅತ್ತಿಗೆಯ ತೋಳಿಗೆ ಟೇಪು ಸುತ್ತಿ ನೋಡಿದಳು. ಆಮೇಲೆ ನಾದಿನಿಯ ಹತ್ತಿರ ಬಂದು ದನಿ ತಗ್ಗಿಸಿದಳು.

"ಇವರ ಜ್ವರ ಇಳೀತಿದೆ, ಆದರೆ ಹೊಟ್ಟೆಗೆ ಏನೂ ಬೀಳ್ತಿಲ್ಲ. ಮೈ ತನ್ನ ಮಾಂಸವನ್ನೇ ಕರಗಿಸಿಕೊಂಡು ನಡೀತಿದೆ. ಉಸಿರು ಎಳೆಯೋದಕ್ಕೂ ಶಕ್ತಿ ಬೇಕಲ್ವಾ? ಅದೂ ಸೋತರೆ ಈ ಮಾಸ್ಕು ಸಾಲಲ್ಲ, ಉಸಿರಾಟದ ಯಂತ್ರಕ್ಕೆ ಹಾಕಬೇಕಾಗುತ್ತೆ. ಈ ವಯಸ್ಸಿನವರು ಅಲ್ಲಿಂದ ವಾಪಸ್ ಬರೋದು ಕಷ್ಟ."

"ಮೂಗಿಂದ ನಳಿಕೆ ಹಾಕಿ ಉಣಿಸ್ತಾರಂತಲ್ಲ?"

"ಹಾಕಿ ನೋಡಿದೆವು. ನಿದ್ದೆಗಣ್ಣಲ್ಲಿ ಕಿತ್ತು ಹಾಕಿದರು."

ಕಿತ್ತು ಹಾಕದೆ ಇನ್ನೇನು? ಅದು ಎಲ್ಲರಿಗಿಂತ ಮೊದಲು ಉಣಿಸುತ್ತಿತ್ತಲ್ಲ ಎಂದುಕೊಂಡಳು ನಾದಿನಿ. ನಗು ಬರಲಿಲ್ಲ, ಭಯವಾಯಿತು.

ಅವತ್ತು ಮಧ್ಯಾಹ್ನ ಅವಳು ಸೆರಗು ಬಿಗಿದು ಇಡೀ ವಾರ್ಡಿನ ಮೇಲೆ ಬಿದ್ದಳು. ಗೋಡೆ ಹಿಡಿದು ಮಂಚದಿಂದ ಮಂಚಕ್ಕೆ ನಡೆದಳು. "ಟೀಚರೇ, ಆ ಮೊಟ್ಟೆ ಏನು ಮ್ಯೂಸಿಯಮ್ಮಿಗೆ ಇಟ್ಟಿದ್ದೀರಾ? ನುಂಗಿ." "ಏನಮ್ಮ, ಸೂಜಿಗೆ ದಾರ ಪೋಣಿಸೋ ಹಾಗೆ ಗಂಜಿ ಕುಡೀತೀಯಲ್ಲ, ನಮ್ಮ ಅತ್ತಿಗೆ ಕಾಯ್ತಿದ್ದಾರೆ." ಪಾಪ, ಹೊಲಿಗೆಯಾಕೆ ಕಣ್ಣಲ್ಲಿ ನೀರು ತುಂಬಿಕೊಂಡು ಹಾಲು ಮುಗಿಸಿದಳು. ಟೀಚರು ಕೂಡ ಬೈದುಕೊಂಡೇ ತಿಂದರು. ಎಲ್ಲರ ತಟ್ಟೆಯೂ ಖಾಲಿಯಾದದ್ದನ್ನು ಕಂಡ ಮೇಲೆ ಅತ್ತಿಗೆ ಚಮಚ ಎತ್ತಿದಳು. ಅರ್ಧ ಗಂಜಿ ಒಳಗೆ ಹೋಗುವಷ್ಟರಲ್ಲಿ ಗಾಡಿ ಬಂತು. ಅರ್ಧವಾದರೂ ಆಯಿತಲ್ಲ ಎಂದು ನಾದಿನಿ ನೆಮ್ಮದಿಯಿಂದ ಮಲಗಿದಳು.

ಆ ನೆಮ್ಮದಿಗೆ ಕಲ್ಲು ಬಿತ್ತು. ಮಾರನೆಯ ದಿನ ಬಾಗಿಲ ಬಳಿಯ ಮಂಚಕ್ಕೆ ಒಬ್ಬ ಹೆಂಗಸನ್ನು ತಂದು ಮಲಗಿಸಿದರು. ಮೈಮೇಲೆ ಎಚ್ಚರವಿರಲಿಲ್ಲ. ಮಧ್ಯಾಹ್ನ ಉಳಿದವರೆಲ್ಲ ಶಿಸ್ತಾಗಿ ಉಂಡರು. ಅತ್ತಿಗೆಯ ಕಣ್ಣು ಸುತ್ತು ಹೊಡೆದು ಬಾಗಿಲ ಬಳಿ ನಿಂತುಬಿಟ್ಟಿತು.

"ಆಯಮ್ಮ ಇನ್ನೂ ತಿಂದಿಲ್ಲ."

"ಅವರಿಗೆ ಎಚ್ಚರಾನೇ ಇಲ್ಲ ಅತ್ತಿಗೆ. ನಳಿಕೆಯಲ್ಲಿ ಕೊಡ್ತಾರೆ."

"ಎದ್ದರೆ? ಎದ್ದು ಕೇಳಿದರೆ?"

ನಾದಿನಿಯ ಸಹನೆಯ ಕಟ್ಟೆ ಒಡೆಯಿತು. ತಾನಿನ್ನೂ ಮುಟ್ಟಿರದ ಬಿಸಿ ತಟ್ಟೆಗೆ ಟಪ್ಪೆಂದು ಮುಚ್ಚಳ ಹಾಕಿ ಪಕ್ಕಕ್ಕೆ ತಳ್ಳಿದಳು.

"ಸರಿ ಹಾಗಾದರೆ. ಇವತ್ತು ಕೊನೆಗೆ ಉಣ್ಣೋಳು ನಾನು. ನಿಮ್ಮದಾಗಲಿ, ಆಮೇಲೆ ನನ್ನದು. ನಿಮಗಿಂತ ಮುಂಚೆ ಉಂಡು ಉಂಡು ನನಗೆ ಸಾಕಾಗಿ ಹೋಗಿದೆ."

ಅತ್ತಿಗೆ ನಕ್ಕಳು. ಆಮೇಲೆ ಏನೋ ನೆನಪಾಗಿ ನಗು ನಿಂತಿತು. "ನಿನಗೆ ಸೂಜಿ ಚುಚ್ಚಿ ಹೋದರಲ್ಲೇ ಆಗ್ಲೇ."

ಸಿಟ್ಟಿನ ಭರದಲ್ಲಿ ನಾದಿನಿಗೆ ಅದು ಮರೆತೇ ಹೋಗಿತ್ತು. ಇನ್ಸುಲಿನ್ ಸೂಜಿ ಒಳಗೆ ಹೋದ ಮೇಲೆ ಉಣ್ಣದೆ ಕೂರುವಂತಿಲ್ಲ, ರಕ್ತದ ಸಕ್ಕರೆ ಇಳಿದು ಪ್ರಜ್ಞೆಯೇ ತಪ್ಪೀತು. ಮನೆಯಲ್ಲಿ ಅವಳ ಸೂಜಿಗೂ ತಟ್ಟೆಗೂ ಹೊತ್ತು ನೋಡುತ್ತಿದ್ದವಳೇ ಅತ್ತಿಗೆ. ಈಗ ನೆನಪಾದರೂ ನಾದಿನಿ ಜಗ್ಗಲಿಲ್ಲ. ಸ್ವಲ್ಪ ಹೊತ್ತಿಗೆ ಹಣೆಯಲ್ಲಿ ಬೆವರೊಡೆಯಿತು, ಬೆರಳು ಸಣ್ಣಗೆ ನಡುಗತೊಡಗಿತು. ಭಯವಾದರೂ ಹಲ್ಲು ಕಚ್ಚಿ ಕೂತಳು.

"ತಿನ್ನೇ ಮಾರಾಯ್ತಿ. ಹಟ ಮಾಡೋ ಹೊತ್ತಾ ಇದು?"

"ನೀವು ಮೊದಲು."

"ನರ್ಸನ್ನ ಕರೀತೀನಿ ನೋಡು."

"ಕರೀರಿ. ನಿಮ್ಮ ತಟ್ಟೇನೂ ತೋರಿಸ್ತೀನಿ."

ಕೂಗಲು ಅತ್ತಿಗೆಗೆ ಉಸಿರೆಲ್ಲಿತ್ತು? ಅವಳು ನಾದಿನಿಯ ನಡುಗುವ ಕೈ ನೋಡಿದಳು, ಬಾಗಿಲ ಬಳಿಯ ಮಂಚ ನೋಡಿದಳು, ಮತ್ತೆ ಕೈ ನೋಡಿದಳು. ಮುಚ್ಚಳ ತೆಗೆದಳು.

"ಆ ಕಡೆ ತಿರುಗು. ಹಸಿದೋಳು ನೋಡ್ತಿದ್ದರೆ ನನಗೆ ಗಂಟಲಲ್ಲಿ ಇಳಿಯಲ್ಲ."

ನಾದಿನಿ ಗೋಡೆಗೆ ಮುಖ ಮಾಡಿದಳು. ಹಿಂದೆ ಚಮಚ ತಟ್ಟೆಗೆ ತಾಗುವ ಸದ್ದು, ನಡುನಡುವೆ ಏದುಸಿರು, ಮತ್ತೆ ಚಮಚ. ಅತ್ತಿಗೆ ಇಷ್ಟು ಅವಸರದಿಂದ ಉಂಡದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಲೋಟ ಖಾಲಿಯಾಗಿ ಕೆಳಗಿಟ್ಟ ಸದ್ದು ಬಂದ ಮೇಲೆ ತಿರುಗಿದಳು. ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಅತ್ತಿಗೆ ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ತುಟಿ ಒರೆಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಗಾಡಿಯ ಸದ್ದಾಯಿತು.

"ಇರಪ್ಪ, ಇವಳದಿನ್ನೂ ಆಗಿಲ್ಲ," ಎಂದಳು ಅತ್ತಿಗೆ. ತಟ್ಟೆ ಒಯ್ಯುವವನು ಗಾಡಿ ಹಿಡಿದುಕೊಂಡು ನಿಂತ.

ನಾದಿನಿ ಹಾಲು ಗಟಗಟ ಕುಡಿದು ಗಂಜಿಗೆ ಚಮಚ ಹಾಕಿದಳು. ಕೆನೆಗಟ್ಟಿ ಗಟ್ಟಿಯಾಗಿತ್ತು. ಉಪ್ಪು ಹುಳಿ ಯಾವುದೂ ತಿಳಿಯದ ಆ ಕೆಟ್ಟ ನಾಲಿಗೆಗೆ ಅದು ತಣ್ಣಗಿದೆ ಎನ್ನುವುದೊಂದು ಮಾತ್ರ ಚೆನ್ನಾಗಿ ತಿಳಿಯಿತು. ಎರಡನೆಯ ತುತ್ತಿಗೆ ಅವಳು ಚಮಚ ನಿಲ್ಲಿಸಿ ಅತ್ತಿಗೆಯ ಕಡೆ ತಿರುಗಿದಳು.

"ಇಷ್ಟು ವರ್ಷ ಇಂಥದ್ದನ್ನೇ ತಿಂದ್ರಾ ಅತ್ತಿಗೆ?"

"ಮಾತಾಡಬೇಡ, ತಿನ್ನು," ಎಂದಳು ಅತ್ತಿಗೆ. "ಅವನು ಕಾಯ್ತಿದ್ದಾನೆ."