ನೊರೆಗೆ ಕಾಲಂ ಇರಲಿಲ್ಲ

ಆ ಪ್ರಶ್ನೆ ಕೇಳಿದ್ದು ನಾನೇ ಅಂತ ಒಂದು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಖಾತ್ರಿಯಿಲ್ಲ. ಮೀಟಿಂಗ್ ನಡೆದದ್ದು ಸೋಮವಾರವೋ ಮಂಗಳವಾರವೋ, ಅದೂ ನೆನಪಿಲ್ಲ. ಖಾರಾಬಾತ್ ತಣ್ಣಗಿತ್ತು ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ. (ಎಂಥ ತಲೆ!)

ಜ್ಞಾನಭಾರತಿಯಲ್ಲಿ ನನ್ನ ಜೊತೆ ಎಂ.ಎಸ್ಸಿ. ಓದಿದ ಮಂಜುನಾಥ ರಾಜಾಜಿನಗರದಲ್ಲಿ ಪುಟ್ಟ ಬಯೋಟೆಕ್ ಕಂಪನಿ ನಡೆಸುತ್ತಾನೆ. ಹುಟ್ಟಿನಿಂದಲೇ ಮೈಯಲ್ಲಿ ಒಂದು ಎನ್‌ಜೈಮ್ ಇಲ್ಲದ ಮಕ್ಕಳಿಗೆ ಹದಿನೈದು ದಿನಕ್ಕೊಮ್ಮೆ ಕೊಡುವ ಇಂಜೆಕ್ಷನ್ ಅವರ ಹೊಸ ಔಷಧಿ. ಆಸ್ಪತ್ರೆಯಲ್ಲಿ ಟ್ರಯಲ್ ನಡೆಯುತ್ತಿತ್ತು. ಲ್ಯಾಬಿನಲ್ಲಿ ಮಾಡಿಟ್ಟಿದ್ದ ಡೋಸ್ ಮುಗಿಯುತ್ತಾ ಬಂದಿತ್ತು. ಮುಂದಿನದ್ದನ್ನು ಎಲ್ಲಿ ತಯಾರಿಸೋದು? ಸ್ವಂತ ಘಟಕ ಕಟ್ಟೋದಾ, ಹೊರಗಿನ ಫ್ಯಾಕ್ಟರಿಗೆ ಕೊಡೋದಾ? ಆ ಮೀಟಿಂಗಿಗೆ ಸಲಹೆಗೆಂದು ನನ್ನನ್ನೂ ಕರೆದಿದ್ದ.

“ಲೋ, ಕಟ್ಟಿ ಲೈಸೆನ್ಸ್ ತಗೊಳೋಷ್ಟ್ರಲ್ಲಿ ಎರಡು ವರ್ಷ ಆಗುತ್ತೆ ಕಣೋ. ಮಕ್ಳು ಕಾಯ್ತಾರಾ?” ಅಂದ ಮಂಜು.

ಕಾಯುವುದಿಲ್ಲ. ಹೊರಗೆ ಕೊಡುವುದೇ ಸರಿ ಅಂತ ತೀರ್ಮಾನವಾಯಿತು. ಈಗಲೂ ಅದು ತಪ್ಪು ಅನ್ನಲಾರೆ.

ಆದರೆ ಅಲ್ಲಿಯವರೆಗೆ ಔಷಧಿ ಮಾಡುತ್ತಿದ್ದವರು ಶಿವಲೀಲಾ. ಲಗ್ಗೆರೆಯಿಂದ ಬಸ್ಸಲ್ಲಿ ಬರುತ್ತಾರೆ, ಆರು ವರ್ಷದಿಂದ ಅದೇ ಕೆಲಸ. ಕೊನೆಯ ಹಂತದಲ್ಲಿ ದ್ರಾವಣವನ್ನು ನಲವತ್ತು ನಿಮಿಷ ಕಲಕಬೇಕು ಅನ್ನುತ್ತದೆ ತಯಾರಿಕೆಯ ಹಂತಗಳನ್ನು ಬರೆದಿಟ್ಟ ಫಾರಂ. ಶಿವಲೀಲಾ ಗಡಿಯಾರಕ್ಕಿಂತ ಗಾಜಿನ ಪಾತ್ರೆಯನ್ನೇ ಹೆಚ್ಚು ನೋಡುತ್ತಿದ್ದರು. ಅಂಚಿನಲ್ಲಿ ನೊರೆಯ ಉಂಗುರ ಕಟ್ಟಿತೋ, ತಕ್ಷಣ ವೇಗ ಇಳಿಸುತ್ತಿದ್ದರು. ನೊರೆ ಹೆಚ್ಚಾದರೆ ಔಷಧಿ ಕೆಡುತ್ತದೆ. ಫಾರಂನಲ್ಲಿ ನೊರೆಗೆ ಕಾಲಂ ಇರಲಿಲ್ಲ.

ಫ್ಯಾಕ್ಟರಿಯಲ್ಲಿದ್ದದ್ದು ಸ್ಟೀಲ್ ಟ್ಯಾಂಕ್. ಒಳಗಿನ ನೊರೆ ಯಾರಿಗೆ ಕಾಣಬೇಕು? ಅವರು ಶಿಸ್ತಾಗಿ ಒಂದೇ ವೇಗದಲ್ಲಿ ನಲವತ್ತು ನಿಮಿಷ ಕಲಕಿದರು. ಔಷಧಿಯಲ್ಲಿ ಬಿಳಿ ಎಳೆ ಎದ್ದಿತು. ಅಷ್ಟನ್ನೂ ನಾಶಪಡಿಸಬೇಕಾಯಿತು. ಟ್ರಯಲ್ ಮೂರು ತಿಂಗಳು ನಿಂತಿತು.

ಆ ಮಕ್ಕಳು ಯಾರು ಅಂತ ನಮಗೆ ಗೊತ್ತಿಲ್ಲ, ಟ್ರಯಲ್ ನಿಯಮದ ಪ್ರಕಾರ ಗೊತ್ತಾಗಲೂಬಾರದು. ನಮ್ಮ ಪಾಲಿಗೆ ಅವರೆಲ್ಲ ಬರೀ ನಂಬರ್. ಆದರೂ ಡಾಕ್ಟರು ಮಂಜುಗೆ ಒಂದು ಮಾತು ಹೇಳಿದರಂತೆ: ಗೋಡೆ ಬಿಟ್ಟು ನಡೆಯಲು ಶುರುಮಾಡಿದ್ದ ಒಂದು ಮಗು ಈಗ ಮತ್ತೆ ಗೋಡೆ ಹಿಡಿದಿದೆ.

ಹೋದ ವಾರ ಅವರ ಆಫೀಸಿನಲ್ಲಿ ಕಾಫಿ ಕುಡಿಯುತ್ತಾ ಮತ್ತೆ ನನ್ನ ಹಳೇ ರಾಗ ತೆಗೆದೆ. “ಫಾರಂನಲ್ಲಿ ಇಲ್ಲದ್ದು ಏನಾದ್ರೂ ಇದೆಯಾ ಅಂತ ನಾನು ಅವತ್ತೇ ಕೇಳಿದ್ದೆ.”

ಶಿವಲೀಲಾ ಲೋಟ ಕೆಳಗಿಟ್ಟರು. “ನೀವಾ ಸಾರ್? ಕೇಳಿದ್ದು ನಾನಲ್ವಾ? ನೊರೆ ನೋಡ್ಬೇಕು, ಮೊದಲ ಸಲ ನಾನೂ ಅಲ್ಲಿಗೆ ಹೋಗ್ಲಾ ಅಂದೆ.”

“ಬಿಡಮ್ಮಾ, ಇವನ ನೆನಪು ಯಾವಾಗ್ಲೂ ಇವನ ಪಾರ್ಟೀನೇ” ಅಂದ ಮಂಜು.

ನಗು ಬರಲಿಲ್ಲ. ಬಸವೇಶ್ವರನಗರದ ಮನೆ ತಲುಪುವವರೆಗೂ ಆಕೆಯ ನೆನಪೇ ತಪ್ಪಿರಬೇಕು ಅಂತ ವಾದಿಸಿಕೊಂಡೆ. ಅನುಮಾನ ಪಡುವುದನ್ನು ಯೂನಿವರ್ಸಿಟಿ ಕಲಿಸಿತು, ನಿಜ. ಆದರೆ ಅದನ್ನು ಬೇರೆಯವರ ಮೇಲೇ ಮೊದಲು ಪ್ರಯೋಗಿಸುವುದನ್ನು ಕಲಿಸಿದ್ದು ಯಾರು? ಯಾವ ಆಫೀಸಿನಲ್ಲಾದರೂ ನೋಡಿ. ಕೆಲಸ ಬಲ್ಲವರು ಮೇಜಿನ ತುದಿಯಲ್ಲಿರುತ್ತಾರೆ. ನನ್ನಂಥವರು ನಡುವೆ ಕೂತು ಮಾತಾಡುತ್ತೇವೆ.

ಇಷ್ಟು ಬರೆದ ಮೇಲೆ ಮನೆಯಲ್ಲಿ ಆ ವರ್ಷದ ನೋಟ್‌ಬುಕ್ ಹುಡುಕಿದೆ. ಸಿಕ್ಕಿತು. ಮೀಟಿಂಗ್ ನಡೆದದ್ದು ಗುರುವಾರ. ಕೆಳಗೊಂದು ಸಾಲು: “ಶಿವಲೀಲಾ: ಮೊದಲ ಸಲ ನಾನೂ ಹೋಗಲಾ?”

ಅದರ ಮುಂದೆ, ನನ್ನದೇ ಅಕ್ಷರದಲ್ಲಿ: “ಬೇಡ ಅಂದೆ. ಫಾರಂ ಇದೆಯಲ್ಲ.”