ಇಂಗ್ಲಿಷ್ ತೋಟದ ಕೇಪಳ

ಮಾಜಿವಾಡಾದ ನಮ್ಮ ಹೌಸಿಂಗ್ ಸೊಸೈಟಿಯ ಗಾರ್ಡನ್ನಿಗೆ ಬಿಲ್ಡರ್ ಇಟ್ಟ ಹೆಸರು ‘ಇಂಗ್ಲಿಷ್ ಪಾರ್ಕ್’. ಒಂದಿಷ್ಟು ಹುಲ್ಲು, ಒಂದು ಕಲ್ಲಿನ ಹೂದಾನಿ, ನೀರಿದ್ದಾಗ ಕೊಳ. ಆ ಹೆಸರನ್ನು ಯಾರೂ ನಂಬಿರಲಿಲ್ಲ, ಧಾರವಾಡ ಕಡೆಯ ನಮ್ಮ ಚೇರ್ಮನ್ ಇಂಗ್ಲೆಂಡಿಗೆ ಹೋಗಿ ಯಾವುದೋ ಜಮೀನ್ದಾರರ ಹಳೆಯ ಬಂಗಲೆಯ ಉದ್ಯಾನ ನೋಡಿ ಬರುವವರೆಗೆ.

ಬಂದವರೇ ಮೀಟಿಂಗ್ ಕರೆದರು. ಗೇಟಿನ ಪಕ್ಕದ ಕೇಪಳದ ಸಾಲು ಕಿತ್ತುಹಾಕಬೇಕಂತೆ. “ಇಂಥಾ ಕೆಂಪು ಹೂವಿನ ಕಂಟಿ ಅಲ್ಲೆ ಒಂದೂ ಕಾಣ್ಲಿಲ್ಲ ನನಗ.”

ಆ ಕೇಪಳ ಅಮ್ಮನದು. ಉಡುಪಿಯವಳು; ಬೆಳಿಗ್ಗೆ ಮಿಂದು, ಗೊಂಚಲು ಕೊಯ್ದು ದೇವರಿಗಿಟ್ಟ ಮೇಲೆಯೇ ಅವಳಿಗೆ ಚಹಾ. ದೇವರನ್ನು ನಾನು ನಂಬುವುದಿಲ್ಲ. ಚಹಾ ಕುಡಿಯದ ಅಮ್ಮನ ಸಿಟ್ಟನ್ನು ಮಾತ್ರ ಪೂರ್ತಿ ನಂಬುತ್ತೇನೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ಸುಮ್ಮನಿರುತ್ತೇನೆಯೇ? ಎದ್ದು ನಿಂತೆ. “ಕಾಕಾ, ಆ ತೋಟದಲ್ಲಿ ದೇವದಾರು ಇತ್ತಾ?”

“ಇತ್ತಪಾ. ಭಾಳ ದೊಡ್ಡದು.”

“ಅದು ಅಲ್ಲಿಯದಲ್ಲ. ಲೆಬನಾನಿನದು, ಇಲ್ಲಾ ನಮ್ಮ ಹಿಮಾಲಯದ್ದು. ಹೊರಗಿನ ಗಿಡ ತರಿಸಿ ಮೆರೆಯುವುದೇ ಆ ದೊರೆಗಳ ಶೋಕಿ. ಕೇಪಳಕ್ಕೆ ಚಳಿಯಾಗದ ಹಾಗೆ ಗಾಜಿನ ಮನೆ ಕಟ್ಟಿ, ಕಾಯಿಸಿ ಬೆಳೆಸ್ತಿದ್ರು. ನಮ್ಮ ಪಾರ್ಕಿನಲ್ಲಿ ನಿಜವಾದ ಇಂಗ್ಲಿಷ್ ಗತ್ತು ಇರುವುದು ಅದೊಂದಕ್ಕೇ!”

ಚೇರ್ಮನ್ ಒಪ್ಪಿದರು. ಅಗತ್ಯಕ್ಕಿಂತ ಜಾಸ್ತಿಯೇ ಒಪ್ಪಿದರು. ಮರುದಿನ ಗಿಡದ ಮುಂದೆ ಬೋರ್ಡು: ‘ಹೆರಿಟೇಜ್ ಗಿಡ. ಮಾಲಿಯ ಹೊರತು ಯಾರೂ ಮುಟ್ಟಬಾರದು.’

ಅಮ್ಮ ಖಾಲಿ ಬುಟ್ಟಿ ಹಿಡಿದು ಮೇಲೆ ಬಂದಳು. “ಎಂಥ ವಾದ ಮಾರಾಯ ನಿಂದು? ಗಿಡ ಉಳಿಸಿದಿ, ಹೂ ಕಳೆದಿ!”

“ಮಾಲಿ ಕೊಯ್ದು ತಂದುಕೊಡ್ತಾನಮ್ಮ. ಆ ದೊಡ್ಡ ಬಂಗಲೆಗಳಲ್ಲೂ ಹಾಗೆಯೇ.”

“ತಂದುಕೊಟ್ಟ ಹೂ ಬೇಕಿದ್ರೆ ನಾನು ಸ್ಟೇಷನ್ ಹತ್ರ ಕ್ರಯಕ್ಕೆ ತರ್ತಿರ್ಲಿಲ್ವಾ? ನಾನೇ ಕೊಯ್ಬೇಕು. ಮಾಲಿಯೇ ಆಗ್ಬೇಕಂತಾದ್ರೆ ನಂಗೆ ಮಾಲಿ ಆಗ್ಲಿಕ್ಕೆ ಆಗುದಿಲ್ವಾ? ಹೋಗಿ ಕೇಳು.”

ಹೋಗಿ ಕೇಳಿದೆ. ಚೇರ್ಮನ್ ಮೊದಲು ನಕ್ಕರು, ಆಮೇಲೆ ಬೋರ್ಡನ್ನೊಮ್ಮೆ ಓದಿಕೊಂಡು, “ರೂಲಿನ್ಯಾಗ ಅಡ್ಡಿ ಏನಿಲ್ಲ ಬಿಡಪಾ” ಅಂದರು.

ಈಗ ಅಮ್ಮ ಸೊಸೈಟಿಯ ಗೌರವ ಮಾಲಿ. ಮೊದಲು ಕೇಪಳಕ್ಕೆ ನೀರು, ಆಮೇಲೆ ಹೂ, ಕೊನೆಗೆ ಚಹಾ. ಒಂದು ಗೊಂಚಲು ಚೇರ್ಮನ್ ಮನೆಯ ಗಣಪತಿಗೂ ಹೋಗುತ್ತದೆ. ಬಂದ ನೆಂಟರಿಗೆ ಅವರು ಅದನ್ನು ತೋರಿಸಿ, “ಇಂಗ್ಲೆಂಡಿನ ದೊರಿಗೋಳ ಹೂವು” ಅನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಅಮ್ಮನ ಚಹಾ ಹೊತ್ತಿಗೆ ಸರಿಯಾಗಿ ಆಗುತ್ತಿದೆ.