ಸಲಾನಿಯೇತಾ ಹುಡುಕಿದ ಮೆಮೊರಿ

ದ್ವೀಪದ ಸವುಸವು ಊರಿನ ಕೊಬ್ಬರಿ ಗಿರಣಿಯಲ್ಲಿ ತೂಕದ ಗುಮಾಸ್ತೆಯಾಗಿದ್ದ ಸಲಾನಿಯೇತಾಳಿಗೆ ಕಂಪ್ಯೂಟರ್ ವಿದ್ಯೆ ಕಲಿಸಿದ ಗುರುಗಳೆಂದರೆ ಇರುವೆಗಳು. ಇಪ್ಪತ್ತು ವರ್ಷದಿಂದ ಅವು ತೂಕದ ಕಂಪ್ಯೂಟರಿನೊಳಗೆ ಗೂಡು ಕಟ್ಟುತ್ತಿದ್ದವು. ಇವಳು ಬಿಚ್ಚಿ ಒರೆಸುತ್ತಿದ್ದಳು. ಒರೆಸುತ್ತ ಒರೆಸುತ್ತ ಒಳಗಿನದೆಲ್ಲ ಅಂಗೈ ಗೆರೆಯಷ್ಟು ಪರಿಚಯವಾಯಿತು. ಆದರೆ ಇರುವೆಗಳು ಪ್ರಮಾಣಪತ್ರ ಕೊಡುವುದಿಲ್ಲವಲ್ಲ! ಹಾಗಾಗಿ ಮ್ಯಾನೇಜರ್ ಏರೋನಿಯ ದೃಷ್ಟಿಯಲ್ಲಿ ಅವಳು ಏನೂ ಅರಿಯದವಳು.

ಒಂದು ಸೋಮವಾರ ಆ ಕಂಪ್ಯೂಟರ್ ಮೂರು ಸಲ ಕೀಚಲಾಗಿ ಕೂಗಿ ಸುಮ್ಮನಾಯಿತು. ಲಾರಿ ತೂಗುವ ಲೆಕ್ಕ ಗೊತ್ತಿದ್ದದ್ದು ಅದೊಂದಕ್ಕೇ. ಹೊರಗೆ ಕೊಬ್ಬರಿ ಮೂಟೆಯ ಲಾರಿಗಳು ಸಾಲುಗಟ್ಟಿ ನಿಂತವು.

"ಮೆಮೊರಿ ಸತ್ತಿದೆ ಸಾರ್. ಅದೇ ಜಾತೀದು ಒಂದು ಸಿಕ್ರೆ ಸಾಕು," ಎಂದಳು ಸಲಾನಿಯೇತಾ, ಒಳಗಿನ ಗೇಣುದ್ದದ ಹಸಿರು ಪಟ್ಟಿಯನ್ನು ತೋರಿಸಿ.

"ನೀನು ಕೊಬ್ಬರಿ ತೂಗಮ್ಮ ತಾಯಿ," ಎಂದು ಕೈಮುಗಿದ ಏರೋನಿ, ರಾಜಧಾನಿ ಸುವಾದಿಂದ ತಜ್ಞನನ್ನೇ ಕರೆಸಿದ.

ತಜ್ಞ ಅವಿನೇಶ್ ಬುಧವಾರದ ಹಡಗಿನಲ್ಲಿ ಬಂದಿಳಿದ. ಬೆರಳಿಗೆ ಧೂಳು ಸೋಕದ ಹಾಗೆ, ದೂರದಿಂದಲೇ ಕಂಪ್ಯೂಟರಿನ ದರ್ಶನ ಮಾಡಿ ತೀರ್ಪು ಕೊಟ್ಟ: "ಇದರ ಮೆಮೊರಿ ಪ್ರಪಂಚದಲ್ಲೇ ಇಲ್ಲ. ಹೊಸದು ತಗೊಳ್ಳಿ ಸಾರ್. ಹೋದ ವರ್ಷ ನಿಮ್ಮ ರೂಮಿಗೆ ನಾವೇ ಕೊಟ್ಟಿಲ್ವಾ, ಅಂಥದ್ದು."

ಅಷ್ಟರಲ್ಲಿ ಸಲಾನಿಯೇತಾ ಊರೆಲ್ಲ ಜಾಲಾಡಿದ್ದಳು. ಚರ್ಚಿನ ಅಟ್ಟದಲ್ಲಿ ಒಂದು, ಮುಚ್ಚಿದ ವಿಡಿಯೊ ಅಂಗಡಿಯಲ್ಲಿ ಎರಡು ಸಿಕ್ಕಿದ್ದವು. ಆ ಮೂರರಲ್ಲಿ ಎರಡರ ಅಂಚಿನ ಕಚ್ಚು ಬೇರೆ ಕಡೆ ಇತ್ತು, ಕೂರಲೇ ಇಲ್ಲ. ಮೂರನೆಯದು ಗಟ್ಟಿಯಾಗಿ ಕೂತಿತು. ಕಂಪ್ಯೂಟರ್ ಮಾತ್ರ ಏಳಲಿಲ್ಲ.

'ಅಂಥದ್ದು' ಎಂಬ ಮಾತು ಕೇಳಿದಾಗ ಅವಳಿಗೆ ಅನುಮಾನ ಮೂಡಿತು. ಏರೋನಿಯ ಆ ಹೊಸ ಕಂಪ್ಯೂಟರ್ ಕಣ್ಣು ಬಿಡುವಷ್ಟರಲ್ಲಿ ಅವನು ಒಂದು ಕೆಟಲ್ ಚಹಾ ಮುಗಿಸುತ್ತಿದ್ದ. ಗಂಡಸರಿಬ್ಬರೂ ತೆಂಗಿನಹಾಲಿನ ಮೀನು ಉಣ್ಣಲು ಹೋದಾಗ ಅವಳು ಅದರ ನಾಲ್ಕು ಸ್ಕ್ರೂ ಬಿಚ್ಚಿದಳು. ಹೊರಗೆ ನೀಲಿ ದೀಪಗಳ ಜಾತ್ರೆ. ಒಳಗೆ ಎಲ್ಲ ಹಳೇ ಸಾಮಾನು: ಯಾವುದೋ ಶಾಲೆಯ ಸ್ವತ್ತೆಂಬ ಅರ್ಧ ಕಿತ್ತ ಚೀಟಿ, ಅದರ ಪಕ್ಕದಲ್ಲಿ ಎರಡು ಮೆಮೊರಿ. ಆ ಮೆಮೊರಿಗಳ ಮೇಲಿನ ಅಕ್ಷರ, ಅಂಕಿ, ಕಚ್ಚು ಎಲ್ಲವೂ ಸತ್ತದ್ದರ ಒಡಹುಟ್ಟಿನಂತಿದ್ದವು. ಒಂದನ್ನು ಕಿತ್ತು ತಂದು ತೂಕದ ಕಂಪ್ಯೂಟರಿಗೆ ಹಾಕಿದಳು.

ಊಟ ಮುಗಿಸಿ ಬಂದವರಿಗೆ ಕಂಡದ್ದು ತೂಕದ ಮೇಲೇರುತ್ತಿದ್ದ ಲಾರಿ.

"ಎಲ್ಲಿ ಸಿಕ್ತು?" ಏರೋನಿ ಬೆರಗಾದ.

"ನಿಮ್ಮ ರೂಮಲ್ಲಿ ಸಾರ್. ಇವರು ಹೇಳಿದ ಪ್ರಪಂಚಕ್ಕೆ ನಿಮ್ಮ ರೂಮು ಸೇರಿಲ್ಲ ಅಂತ ಕಾಣುತ್ತೆ."

"ಅಕ್ಕಾ, ನಮ್ಮ ಲಾರಿ ಎಂಜಿನ್ನೂ ಅಲ್ಲೇ ಇದೆಯಾ ನೋಡು!" ಎಂದು ಡ್ರೈವರೊಬ್ಬ ಕೂಗಿದ. ಅವಿನೇಶನಿಗೆ ಥಟ್ಟನೆ ಹಡಗಿನ ಹೊತ್ತು ನೆನಪಾಯಿತು.

ಏರೋನಿ ಯಾರನ್ನೂ ಬೈಯಲಿಲ್ಲ. ಆ ಹೊಸ ಕಂಪ್ಯೂಟರನ್ನು ಆರಿಸಿದವನು ತಾನೇ ಅಲ್ಲವೇ! ತನ್ನ ಸಕಾಲಿಕ ಮಾರ್ಗದರ್ಶನದಿಂದ ಗಿರಣಿ ಮತ್ತೆ ನಡೆಯಿತೆಂದು ಮೇಲಿನವರಿಗೆ ಬರೆದ. ಆ ಪತ್ರವನ್ನು ಟೈಪ್ ಮಾಡಿಕೊಟ್ಟವಳು ಸಲಾನಿಯೇತಾಳೇ. ಒಂದಕ್ಷರವನ್ನೂ ತಿದ್ದಲಿಲ್ಲ.

"ಸಹಿ ಹಾಕಿ ಸಾರ್," ಎಂದು ಕಾಗದ ಮುಂದಿಟ್ಟಳು. "ಮತ್ತೆ ಆ ಇನ್ನೊಂದು ಮೆಮೊರೀನ ಜೋಪಾನವಾಗಿ ನೋಡ್ಕೊಳ್ಳಿ. ಇದು ಕೆಟ್ಟಾಗ ಬೇಕಾಗುತ್ತೆ."